ಓದುಗರ ಪ್ರಶ್ನೆ: ಕೊಳೆರೋಗಕ್ಕೊಂದು ಮೈಸಿನ್

ಪ್ರಶ್ನೆ: 1970ರ ದಶಕದ ‘ಮೈಸಿನ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ರಕ್ತದ ಸೋಂಕಿನ ಕಾರಣ ಹುಡುಕಿ ಔಷಧಿ ಸೂಚಿಸುತ್ತಿತ್ತು ಎಂದು ಓದಿದೆ. ಅದೇ ಕ್ರಮದಲ್ಲಿ ಅಡಿಕೆ ಯಾಕೆ ಉದುರುತ್ತಿದೆ ಎಂದು ಹೇಳುವ ಪ್ರೋಗ್ರಾಂ ಬರೆಯಬಹುದೇ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಖಂಡಿತ ಬರೆಯಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ರೂಪಿಸಿದ ಮೈಸಿನ್‌ನಲ್ಲಿದ್ದದ್ದು ‘ಹೀಗಿದ್ದರೆ ಹೀಗೆ’ ಎನ್ನುವ ಸುಮಾರು 500 ನಿಯಮಗಳು. ತರ್ಕಿಸುವ ಭಾಗ ಬೇರೆಯೇ ಇತ್ತು. ಆದ್ದರಿಂದಲೇ ವೈದ್ಯಕೀಯ ನಿಯಮಗಳನ್ನು ತೆಗೆದು ‘ಇಮೈಸಿನ್’ ಎಂಬ ಖಾಲಿ ಚೌಕಟ್ಟು ಮಾಡಲು ಸಾಧ್ಯವಾಯಿತು.

ಅದು ತೀರ್ಮಾನದಿಂದ ಹಿಂದಕ್ಕೆ ಬರುತ್ತದೆ: ಮೊದಲು ‘ಕೊಳೆರೋಗವೇ?’ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಎಂದು ಹಿಡಿದು, ಅದನ್ನು ತೀರ್ಮಾನಿಸಲು ಬೇಕಾದದ್ದನ್ನಷ್ಟೇ ಕೇಳುತ್ತದೆ. ಪ್ರತಿ ನಿಯಮಕ್ಕೂ −1ರಿಂದ +1ರೊಳಗೆ ಒಂದು ನಂಬಿಕೆಯ ಅಂಕ. ಉದಾಹರಣೆಗೆ, ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆಗೆ 0.6, ಬಿದ್ದ ಕಾಯಿಗೆ ಹಿಡಿದ ಬಿಳಿ ಬೂಸ್ಟಿಗೆ 0.5 ಕೊಡಿ. ಎರಡೂ ಕಂಡರೆ 0.6 + 0.5 × (1 − 0.6) = 0.8. ಕಲೆ ಅಷ್ಟು ಸ್ಪಷ್ಟವಿಲ್ಲ, ನೋಡಿದವರಿಗೆ 0.5ರಷ್ಟೇ ಖಾತ್ರಿ ಎಂದಾದರೆ 0.6 × 0.5 = 0.3 ಮಾತ್ರ ಸೇರುತ್ತದೆ. ಖಾತ್ರಿ 0.2 ದಾಟದಿದ್ದರೆ ಆ ನಿಯಮವನ್ನೇ ಬಿಡುತ್ತದೆ.

ಎಡವುವುದು ಇಲ್ಲೇ. ‘ಮೂರು ದಿನದಿಂದ ಮಳೆ’, ‘ಮೋಡ ಬಿಟ್ಟಿಲ್ಲ’, ‘ತೋಟ ಒದ್ದೆ’ ಎಂದು ಮೂರು ನಿಯಮ ಬರೆದು ತಲಾ 0.4 ಕೊಟ್ಟರೆ ಅದೇ ಲೆಕ್ಕದಲ್ಲಿ ಅಂಕ 0.784 ಆಗುತ್ತದೆ. ಜುಲೈಯಲ್ಲಿ ಆಗುಂಬೆ ಕಡೆಯ ಪ್ರತಿ ತೋಟಕ್ಕೂ ಕೊಳೆ ಬಂದಿದೆ ಎನ್ನುತ್ತದೆ! ಮೂರೂ ಒಂದೇ ಮಳೆಯ ಮಾತು. ಒಂದೇ ನಿಯಮ ಮಾಡಿ.

ಅಂಕಕ್ಕಿಂತ ಕಷ್ಟ, ತಿಳಿದವರ ಬಾಯಿಂದ ನಿಯಮ ಹೊರಡಿಸುವುದು. ಅಡಿಕೆ ಗೊನೆ ಕೊಯ್ಯುವ ಕೊನೆಗಾರರನ್ನು ‘ಕೊಳೆ ಹೇಗಿರುತ್ತೆ?’ ಎಂದು ಕೇಳಿದರೆ ‘ನೋಡಿದ್ರೆ ಗೊತ್ತಾಗತ್ತೆ’ ಎನ್ನುತ್ತಾರೆ. ಉದುರಿದ ಕಾಯಿ ಒಂದು ಬುಟ್ಟಿ ಮುಂದಿಟ್ಟು, ಕಾರಣವಾರು ಗುಡ್ಡೆ ಹಾಕಲು ಹೇಳಿ. ಪ್ರತಿ ಕಾಯಿಗೂ ‘ಇದು ಆ ಗುಡ್ಡೆಗೆ ಯಾಕಲ್ಲ?’ ಎಂದು ಕೇಳಿ. ಬಾಯಿಗೆ ಬರುವ ಕಾರಣಗಳೇ ನಿಮ್ಮ ನಿಯಮಗಳು. ‘ಯಾಕೆ ಕೇಳುತ್ತಿದ್ದೀಯ?’ ಎಂದರೆ ಆಗ ಬಳಸುತ್ತಿರುವ ನಿಯಮವನ್ನು ತೋರಿಸುವ ಸೌಲಭ್ಯವನ್ನೂ ಮೈಸಿನ್‌ನಂತೆ ಇಡಿ. ತಪ್ಪು ನಿಯಮ ಅದರಿಂದಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಮೈಸಿನ್ ಆಸ್ಪತ್ರೆಗಳಲ್ಲಿ ಬಳಕೆಗೆ ಬಂತೇ?
– ಓದುಗರು, ಸಾಗರ

ಉತ್ತರ: ದಿನನಿತ್ಯದ ಬಳಕೆಗೆ ಬರಲಿಲ್ಲ. 1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಿದುಳಪೊರೆ ಸೋಂಕಿನ 10 ಪ್ರಕರಣಗಳಿಗೆ ಅದು ಕೊಟ್ಟ ಸಲಹೆಗೆ 8 ತಜ್ಞರಿಂದ ಶೇ 65ರಷ್ಟು ಒಪ್ಪಿಗೆ ಸಿಕ್ಕಿತು. ಸ್ಟ್ಯಾನ್‌ಫರ್ಡ್‌ನ ಐವರು ಪ್ರಾಧ್ಯಾಪಕ ವೈದ್ಯರ ಸಲಹೆಗೆ ಸಿಕ್ಕಿದ್ದು ಶೇ 42.5ರಿಂದ 62.5. ಜ್ಞಾನ ಸಾಲದೆ ಸೋತದ್ದಲ್ಲ. ರೋಗಿಯ ವಿವರವನ್ನೆಲ್ಲ ವೈದ್ಯರೇ ಟರ್ಮಿನಲ್ ಮುಂದೆ ಕೂತು ಒಂದೊಂದಾಗಿ ಟೈಪ್ ಮಾಡಬೇಕಿತ್ತು.