ವಿಭಕ್ತಿ, ಕಾರಕ ಎರಡೂ ಒಂದ ಏನ್ರಿ ಅಂತ ಕೇಳಿದ ತಂಗಿಗೆ

ತಂಗಿ, ಗೈಡಿನ್ಯಾಗ ತೃತೀಯಾ ("ಇಂದ") ಮುಂದ ಕರಣ, ಚತುರ್ಥೀ ("ಗೆ") ಮುಂದ ಸಂಪ್ರದಾನ ಅಂತ ಒಂದ ಪಟ್ಟಿ ಹಾಕ್ಯಾರ, ಹಂಗಾರ ಎರಡೂ ಒಂದ ಅಲ್ಲೇನ್ರಿ ಅಂತ ಕೇಳೀದಿ. ಅಲ್ಲವ್ವ. ಆ ಪಟ್ಟಿ ಬಾಯಿಪಾಠಕ್ಕ ಚಲೋ, ನಾನೂ ಅದನ್ನ ಉರು ಹೊಡದಾಂವನ, ಖರೇ ವಾಕ್ಯ ಮುಂದ ಬಂದಾಗ ಕೈ ಕೊಡತೈತಿ.

ವಿಭಕ್ತಿ ಅಂದ್ರ ಹೆಸರಿನ (ನಾಮಪದದ) ಬಾಲ, ಅಂದ್ರ ಪ್ರತ್ಯಯ, ನೋಡಿ ಹೇಳೂದು. ಕಾರಕ ಅಂದ್ರ ಆ ಹೆಸರು ಕ್ರಿಯಾಪದಕ್ಕ ಏನಾಗಬೇಕು ಅಂತ ನೋಡಿ ಹೇಳೂದು.

ಈಗ ನೋಡು, "ಕುಡಗೋಲಿನಿಂದ ಜ್ವಾಳ ಕೊಯ್ದೆ", "ಗಿಡದಿಂದ ಮಾವಿನಕಾಯಿ ಬಿತ್ತು". ಎರಡರಾಗೂ ಬಾಲ "ಇಂದ"ನ, ಆದ್ರ ಕುಡಗೋಲು ಕೆಲಸಾ ಮಾಡೂ ಸಾಧನ, ಅದು ಕರಣ, ಗಿಡ ಅಂದ್ರ ಕಾಯಿ ಕಳಚಿ ಬಂದ ಜಾಗಾ, ಅದು ಅಪಾದಾನ. ಸಂಸ್ಕೃತದಾಗ ತೃತೀಯಾಕ್ಕ ವೃಕ್ಷೇಣ, ಪಂಚಮಿಗೆ ವೃಕ್ಷಾತ್ ಅಂತ ಬ್ಯಾರೆ ಬ್ಯಾರೆ ರೂಪ ಅದಾವ, ಆ ಲೆಕ್ಕಕ್ಕ ಹೊಂದಸಾಕ ನಮ್ಮಲ್ಲಿ ಪಂಚಮಿಗೆ "ದೆಸೆಯಿಂದ" ಅಂತ ಇಟ್ಟಾರ. ಗಿಡದ ದೆಸೆಯಿಂದ ಕಾಯಿ ಬಿತ್ತು ಅಂತ ನಮ್ಮ ಬಾಗಲಕೋಟಿ ಕಡೆ ಒಬ್ಬರೂ ಅಂದಿದ್ದು ನಾ ಕೇಳಿಲ್ಲ. ಪರೀಕ್ಷಾದಾಗ ಪಂಚಮೀ ಪ್ರತ್ಯಯ ಯಾವ್ದು ಅಂದ್ರ ಮಾತ್ರ ಸುಮ್ನ ಅದಕ್ಕ ಟಿಕ್ ಹಾಕು, ಮಾರ್ಕ್ಸ್ ಕೊಡಾವ್ರ ಜೋಡಿ ಜಗಳ ಬ್ಯಾಡ.

"ಗೆ"ದಂತೂ ಇನ್ನೂ ಮಜಾ. "ಅವ್ವಗ ಸೀರಿ ಕೊಟ್ಟೆ" ಅಂದ್ರ ಅವ್ವ ತಗೊಳ್ಳಾಕಿ, ಸಂಪ್ರದಾನ, ಸರಿ, "ನಂಗ ಜ್ವರ ಬಂದೈತಿ" ಅಂದಾಗ ಯಾರು ಯಾರಿಗೆ ಏನ್ ದಾನಾ ಮಾಡಿದ್ರು? ಬಾದಾಮಿ ತಟ್ಟುಕೋಟಿ ಬಂಡಿಮ್ಯಾಲಿನ ಕಪ್ಪೆ ಅರಭಟ್ಟನ ಶಾಸನದಾಗ, ಸುಮಾರು ಕ್ರಿ.ಶ. 700ರದ್ದು ಅದು, "ಸಾಧುಗೆ ಸಾಧು" (ಒಳ್ಳ್ಯಾವಂಗ ಒಳ್ಳ್ಯಾಂವ) ಅಂತ ಬರತೈತಿ. "ಗೆ" ಐತಿ, ಚತುರ್ಥೀನ, ಆದ್ರ ಕ್ರಿಯಾಪದನ ಇಲ್ಲ, ಕೊಡೂದು ತಗೊಳ್ಳೂದು ದೂರದ ಮಾತು.

ಉಲ್ಟಾನೂ ಆಗತೈತಿ. ಪುಸ್ತಕದಾಗ ಹೊಲದಲ್ಲಿ, ಹಳಗನ್ನಡದಾಗ ಪೊಲದೊಳ್, ನಾವು ಹೊಲದಾಗ ಅಂತೀವಿ. ಬಾಲ ಮೂರು, ಕಾರಕ ಒಂದ, ಅಧಿಕರಣ, ಅಂದ್ರ ಕೆಲಸಾ ನಡಿಯೂ ಜಾಗಾ. "ಜ್ವಾಳ ಕೊಯ್ದೆ" ಅಂದಾಗ ಜ್ವಾಳಕ್ಕ "ಅನ್ನು" ಹಚ್ಚೇ ಇಲ್ಲ, ಆದ್ರೂ ಅದು ಕರ್ಮನ.

ಪರೀಕ್ಷಾದಾಗ ಜನ ಜಾಸ್ತಿ ಬೀಳೂದು ಕರ್ಮಣಿ ಪ್ರಯೋಗದಾಗ. "ಕಬ್ಬು ಆಳುಗಳಿಂದ ಕಡಿಯಲ್ಪಟ್ಟಿತು". ಕಬ್ಬು ಪ್ರಥಮಾ ಐತಿ ಅಂತ ಕರ್ತೃ ಅಂತ ಬರದು ಬಂದ್ರ ಹೋತು. ಕಡದಾವ್ರು ಆಳುಗಳು, ತೃತೀಯಾದಾಗ ಇದ್ರೂ ಅವ್ರ ಕರ್ತೃ, ಕಬ್ಬು ಕರ್ಮ.

ಷಷ್ಠೀ ("ಅ") ಮುಂದ ಕಾರಕ ಯಾಕ ಇಲ್ಲ ಅಂತನೂ ಕೇಳಿದ್ದಿ. "ಅಪ್ಪನ ಹೊಲಾ ಹರಗಿದ್ರು" ಅನ್ನು, ಅಪ್ಪ ಕಟ್ಟಿಮ್ಯಾಲ ಕುಂತು ಚಾ ಕುಡ್ಯಾಕ ಹತ್ತಿರಬಹುದು, ಹರಗೂದಕ್ಕೂ ಅವಂಗೂ ಸಂಬಂಧಿಲ್ಲ, ಅವನ ಸಂಬಂಧ ಹೊಲದ ಜೋಡಿ. ಹೆಸರಿಗೆ ಹೆಸರಿನ ನಂಟು, ಅದಕ್ಕ ಕಾರಕ ಅಲ್ಲ. ಸಂಬೋಧನಾನೂ ಹಂಗ, ಬರೇ ಕರಿಯೂದು.

ವಾಕ್ಯ ಕಂಡ ಕೂಡ್ಲೇ ಬಾಲ ಹಿಡೀಬ್ಯಾಡ, ಮೊದ್ಲ ಕ್ರಿಯಾಪದ ಹುಡುಕಿ ಅದನ್ನ ಕೇಳು, ಯಾರು, ಏನನ್ನ, ಯಾವುದ್ರಿಂದ, ಯಾರಿಗೆ, ಎಲ್ಲಿಂದ, ಎಲ್ಲಿ ಅಂತ. ಸಿಗದ ವಾಕ್ಯ ಇದ್ರ ಇಲ್ಲೇ ಹಾಕು, ಸಂಜೀಕ ನೋಡತೀನಿ, ಈಗ ಕರೆಂಟ್ ಬಂದೈತಿ, ಮೋಟಾರ್ ಹಚ್ಚಾಕ ಹೊಂಟೀನಿ.