ಇಂಪ್ಲಾಂಟ್ ಡಿಸೈನ್ ಬೇರೆ ಅಂತ 20 ಸಾವಿರ ಜಾಸ್ತಿ ಕೇಳುತ್ತಿದ್ದಾರೆ, ಕೊಡಬೇಕಾ?

ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಬೇರು) ಹಾಕಿಸಲು ಒಂದು ಕಡೆ 25 ಸಾವಿರ, ಇನ್ನೊಂದು ಕಡೆ 45 ಸಾವಿರ ಹೇಳಿದ್ದಾರೆ, ಜಾಸ್ತಿ ಕೇಳಿದವರು "ಇದರ ಡಿಸೈನ್ ಬೇರೆ, ಮೂಳೆ, ವಸಡು ಚೆನ್ನಾಗಿ ಕೂಡಿಕೊಳ್ಳುತ್ತೆ" ಅಂದರು, ಇದು ನಿಜವಾ ಸುಮ್ನೆ ವ್ಯಾಪಾರವಾ ಅಂತ ಕೇಳಿದ್ದೀರಿ. ನಾನು ಹಲ್ಲಿನ ಡಾಕ್ಟರ್. ಡಿಸೈನ್‌ನಿಂದ ವ್ಯತ್ಯಾಸ ಆಗೋದು ನಿಜ. ಆದರೆ ಯಾವ ಭಾಗದ ಡಿಸೈನ್ ಅಂತ ಕೇಳಿ.

ಮೂಳೆಯೊಳಗೆ ಹೋಗುವುದು ಟೈಟಾನಿಯಂ ಸ್ಕ್ರೂ. ಸ್ವೀಡನ್ನಿನ ಡಾಕ್ಟರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ ಕಾಲದಲ್ಲಿ ಅದರ ಮೈ ನುಣುಪಾಗಿತ್ತು. ಮೂಳೆ ಕೂಡಿಕೊಳ್ಳಲಿ ಅಂತ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಕಾದು ಆಮೇಲೆ ಹಲ್ಲು ಕೂರಿಸುತ್ತಿದ್ದರು. ಈಗ ಆ ಮೈಯನ್ನು ಬೇಕಂತಲೇ ಒರಟು ಮಾಡುತ್ತಾರೆ. ಒರಟು ಗೋಡೆಗೆ ಗಾರೆ ಕಚ್ಚಿಕೊಳ್ಳುತ್ತಲ್ಲ, ಹಾಗೆ. ಮೂಳೆ ಗಟ್ಟಿಯಿದ್ದರೆ 6ರಿಂದ 8 ವಾರ ಸಾಕು. ಇದನ್ನು ಹೆಚ್ಚುಕಮ್ಮಿ ಎಲ್ಲ ಕಂಪನಿಯವರೂ ಮಾಡುತ್ತಾರೆ, ಇದಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಅಸಲಿ ವಿಷಯ ಇರೋದು ಇಂಪ್ಲಾಂಟಿನ ಕುತ್ತಿಗೆಯಲ್ಲಿ, ಅಂದರೆ ಸ್ಕ್ರೂನ ಮೇಲ್ತುದಿಯಲ್ಲಿ. ಸ್ಕ್ರೂ ಮೇಲೆ ಅಬಟ್‌ಮೆಂಟ್ ಅನ್ನೋ ಇನ್ನೊಂದು ತುಂಡು, ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್. ಸ್ಕ್ರೂಗೂ ಅಬಟ್‌ಮೆಂಟ್‌ಗೂ ನಡುವಿನ ಸಂದು ನಮ್ಮ ಕಣ್ಣಿಗೆ ಕಾಣಲ್ಲ, ಬ್ಯಾಕ್ಟೀರಿಯಾಗೆ ಮಾತ್ರ ಬೇಕಾದಷ್ಟು ಜಾಗ. ಹಳೇ ಡಿಸೈನ್‌ನಲ್ಲಿ ಈ ಸಂದು ಮೂಳೆಯ ಅಂಚಿಗೇ ಅಂಟಿಕೊಂಡಿರುತ್ತಿತ್ತು. ಮೊದಲ ವರ್ಷ 1.5 ಮಿ.ಮೀ. ತನಕ ಮೂಳೆ ಇಳಿದರೂ ಅದು ಸಹಜ ಅಂತಲೇ ಲೆಕ್ಕ. ಎಕ್ಸ್‌ರೇಯಲ್ಲಿ ಕುತ್ತಿಗೆಯ ಎರಡೂ ಬದಿ ಬಟ್ಟಲು ಕೊರೆದ ಹಾಗೆ ಕಪ್ಪಗೆ ಕಾಣುತ್ತೆ. ಇದಕ್ಕೆ ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಅಗಲದ ಸ್ಕ್ರೂ ಬಂದಾಗ ಅದಕ್ಕೆ ಹೊಂದುವ ಅಬಟ್‌ಮೆಂಟ್ ಇರಲಿಲ್ಲ, ಇದ್ದ ಸಣ್ಣದನ್ನೇ ಹಾಕಿದರು, ವರ್ಷಗಳ ಮೇಲೆ ಎಕ್ಸ್‌ರೇ ನೋಡಿದರೆ ಮೂಳೆ ಅಷ್ಟಾಗಿ ಇಳಿದಿರಲೇ ಇಲ್ಲ! ಸಂದು ಒಳಗೆ ಸರಿದು ಮೂಳೆಯಿಂದ ದೂರ ಆಗಿತ್ತು, ಅಷ್ಟೇ. ಹೀಗೆ ಅಗಲದ ಸ್ಕ್ರೂ ಮೇಲೆ ಸಣ್ಣ ಅಬಟ್‌ಮೆಂಟ್ ಹಾಕೋದೇ ಪ್ಲಾಟ್‌ಫಾರ್ಮ್ ಸ್ವಿಚಿಂಗ್.

ಇನ್ನು ವಸಡು. ನಿಜವಾದ ಹಲ್ಲಿನಲ್ಲಿ ವಸಡಿನ ನಾರು ಬೇರಿನೊಳಗೇ ನಾಟಿಕೊಂಡಿರುತ್ತೆ. ಇಂಪ್ಲಾಂಟ್‌ಗೆ ಗೂಟಕ್ಕೆ ಹಗ್ಗ ಸುತ್ತಿದ ಹಾಗೆ ಸುಮ್ನೆ ಸುತ್ತಿಕೊಂಡಿರುತ್ತೆ, ಸೋಂಕು ಬೇಗ ಕೆಳಗಿಳಿಯುತ್ತೆ. ಒಬ್ಬರು ವಸಡು ಊದಿ, ಮುಟ್ಟಿದರೆ ರಕ್ತ ಅಂತ ನನ್ನ ಹತ್ತಿರ ಬಂದಿದ್ದರು. ಬೇರೆ ಕಡೆ ಹಾಕಿಸಿದ ಒಳ್ಳೇ ದುಬಾರಿ ಇಂಪ್ಲಾಂಟೇ ಅದು. ಕೆರೆದು ನೋಡಿದರೆ ಅಕ್ಕಿ ನುಚ್ಚಿನಷ್ಟು ಸಿಮೆಂಟ್, ಕ್ಯಾಪ್ ಅಂಟಿಸುವಾಗ ವಸಡಿನ ಕೆಳಗೆ ಉಳಿದದ್ದು. ಅದಕ್ಕೇ ಆದಷ್ಟೂ ಸ್ಕ್ರೂನಲ್ಲಿ ಬಿಗಿಯುವ ಕ್ಯಾಪನ್ನೇ ಕೇಳಿ.

ಸಿಗರೇಟು ಇದ್ದರೆ ಬಿಡಿ, ಶುಗರ್ ಇದ್ದರೆ ಹತೋಟಿಗೆ ತನ್ನಿ. ಇವೆರಡು ಕೆಟ್ಟರೆ ಯಾವ ಡಿಸೈನೂ ಕೈ ಹಿಡಿಯಲ್ಲ.

ಯಾವ ಹಲ್ಲು ಅಂತ ನೀವು ಬರೆದಿಲ್ಲ. ಹಿಂದಿನ ದವಡೆ ಹಲ್ಲಾದರೆ, ಕೆಲಸ ಚೆನ್ನಾಗಿ ಮಾಡುವವರಾದರೆ 25 ಸಾವಿರದ್ದೇ ಸಾಕು. ಮುಂದಿನದ್ದಾದರೆ, 45 ಸಾವಿರದ್ದರ ಕುತ್ತಿಗೆ ನಾನು ಹೇಳಿದ ಥರ ಇದ್ದರೆ, ಅದನ್ನೇ ಹಾಕಿಸಿ. ಅಲ್ಲಿ 1 ಮಿ.ಮೀ. ವಸಡು ಇಳಿದರೂ ನಕ್ಕಾಗ ಕಾಣುತ್ತೆ.