ಬಿಟ್ಟ ಸ್ಥಳದ ಅಕ್ಕಪಕ್ಕ ನೋಡಿ

ಪ್ರಶ್ನೆ: ನನ್ನ ಮಗಳು ಚಿಕ್ಕಮಗಳೂರಿನಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ, ಕನ್ನಡ ಮೀಡಿಯಂ. ಇಂಗ್ಲಿಷ್ ಪಾಠ ಓದಿದರೆ ಅರ್ಥವಾಗುತ್ತದೆ. ಆದರೆ ‘ಸರಿಯಾದ ಪದ ಆರಿಸಿ ಬಿಟ್ಟ ಸ್ಥಳ ತುಂಬಿ’ ಎಂದು ಬಂದರೆ ಹತ್ತರಲ್ಲಿ ಆರು ತಪ್ಪು. ಅಫೆಕ್ಟ್–ಎಫೆಕ್ಟ್, ರೈಸ್–ರೇಜ್, ಬಾರೋ–ಲೆಂಡ್ ಎಲ್ಲ ಅದಲುಬದಲು. ಜೋಡಿಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೇವೆ, ಬಾಯಿಪಾಠವೂ ಆಗಿದೆ. ಆದರೂ ಪ್ರಯೋಜನವಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಪಟ್ಟಿಯನ್ನು ಗೋಡೆಯಿಂದ ತೆಗೆಯಿರಿ. ನಿಮ್ಮ ಶ್ರಮ ವ್ಯರ್ಥ ಎಂದು ಹೇಳುತ್ತಿಲ್ಲ, ಪಟ್ಟಿಯೇ ಅಡ್ಡಿಯಾಗುತ್ತಿದೆ. ಅವಳಿ ಮಕ್ಕಳನ್ನು ಒಟ್ಟಿಗೇ ನಿಲ್ಲಿಸಿ ಪರಿಚಯ ಮಾಡಿಸಿದರೆ ಯಾರು ರಾಮ, ಯಾರು ಲಕ್ಷ್ಮಣ ಎಂದು ಗೊತ್ತಾಗುವುದಿಲ್ಲ ಅಲ್ವಾ? ಒಬ್ಬನ ಜೊತೆ ನಾಲ್ಕು ದಿನ ಓಡಾಡಿ, ಆಮೇಲೆ ಇನ್ನೊಬ್ಬನನ್ನು ನೋಡಿದರೆ ಗುರುತು ಹಿಡಿಯಬಹುದು. ಪದಗಳೂ ಹಾಗೆಯೇ. ಈ ವಾರ ಎಫೆಕ್ಟ್ ಒಂದೇ ಇರಲಿ. ಅದು ಬಾಯಿಗೆ ಪಳಗಿದ ಮೇಲೆ ಅಫೆಕ್ಟ್ ಬರಲಿ.

ಎರಡನೆಯದಾಗಿ, ಮಗಳು ಬಿಟ್ಟ ಸ್ಥಳವನ್ನೇ ದಿಟ್ಟಿಸಿ ನೋಡುತ್ತಾಳೆ ಅನ್ನಿಸುತ್ತದೆ. ನೋಡಬೇಕಾದ್ದು ಅದರ ಅಕ್ಕಪಕ್ಕ. ಖಾಲಿ ಜಾಗದ ಹಿಂದೆ ‘ದ’, ‘ಆ್ಯನ್’, ‘ನೋ’, ‘ಗುಡ್’ ಥರದ ಪದ ಕಂಡರೆ ಅಲ್ಲಿಗೆ ನಾಮಪದ ಬರಬೇಕು, ಅಂದರೆ ಇ ಅಕ್ಷರದ ಎಫೆಕ್ಟ್. ಮಾಡುವವರು ಯಾರೋ ಹಿಂದೆ ಇದ್ದು, ಮುಂದೆ ‘ಏನನ್ನು’ ಎಂಬುದಕ್ಕೆ ಉತ್ತರವಿದ್ದರೆ ಕ್ರಿಯಾಪದ, ಅಂದರೆ ಎ ಅಕ್ಷರದ ಅಫೆಕ್ಟ್. ನಿಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಫಸಲಿಗೆ ಪೆಟ್ಟು. ‘ಲೇಟ್ ರೇನ್ ಅಫೆಕ್ಟ್ಸ್ ದ ಕ್ರಾಪ್.’ ಇದನ್ನೇ ತಿರುಗಿಸಿದರೆ, ‘ಲೇಟ್ ರೇನ್ ಹ್ಯಾಸ್ ಆ್ಯನ್ ಎಫೆಕ್ಟ್ ಆನ್ ದ ಕ್ರಾಪ್.’ ಎಫೆಕ್ಟ್ ಕ್ರಿಯಾಪದವಾಗಿ ಬರುವ ಜಾಗವೂ ಉಂಟು. ಶಾಲೆಯ ಅಭ್ಯಾಸಗಳಲ್ಲಿ ಅದು ತೀರಾ ಅಪರೂಪ, ಈಗಲೇ ತಲೆಗೆ ತುಂಬಬೇಡಿ.

ಅಡ್ವೈಸ್ ಜೋಡಿಯಲ್ಲಿ ಕಿವಿಯೇ ಮೋಸ ಮಾಡುತ್ತದೆ. ಕನ್ನಡದಲ್ಲಿ ಎರಡನ್ನೂ ‘ಅಡ್ವೈಸ್’ ಎಂದೇ ಬರೆಯುತ್ತೇವೆ, ಹಾಗೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಸಿ ಇರುವ ನಾಮಪದದ ಕೊನೆಗೆ ಹಾವಿನ ಬುಸ್ ಇದೆ, ಎಸ್ ಇರುವ ಕ್ರಿಯಾಪದದ ಕೊನೆಗೆ ಜೇನಿನ ಗುಂಯ್ ಇದೆ. ಗಂಟಲ ಮೇಲೆ ಬೆರಳಿಟ್ಟು ಹೇಳಿಸಿ. ಕೊನೆಯ ಸದ್ದಿಗೆ ಬೆರಳು ಅದುರಿದರೆ ಕ್ರಿಯಾಪದ.

ಈಗ ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಕನ್ನಡದಿಂದಾಗಿ ಮಕ್ಕಳು ಇಂಗ್ಲಿಷಿನಲ್ಲಿ ಎಡವುತ್ತಾರೆ ಎಂದು ಜಾಸ್ತಿ ಜನ ಹೇಳುತ್ತಾರೆ. ಅರ್ಧ ನಿಜ. ನಮ್ಮ ಒಂದು ಪದಕ್ಕೆ ಅವರಲ್ಲಿ ಎರಡು ಮೂರು ಇರುವ ಕಡೆ ತೊಂದರೆ ಆಗುವುದು ಹೌದು. ತೋಟದಲ್ಲಿ ನೆರಳು, ಅಂಗಳದಲ್ಲಿ ನಮ್ಮ ಹಿಂದೆ ಬರುವುದೂ ನೆರಳು. ಇಂಗ್ಲಿಷಿನವರಿಗೆ ಮೊದಲನೆಯದು ಶೇಡ್, ಎರಡನೆಯದು ಶ್ಯಾಡೋ. ಕಾಫಿ ಗಿಡಕ್ಕೆ ಬೇಕಾದ್ದು ಶೇಡ್. ಮರಗಸಿ ಮಾಡುವಾಗ, ಅಂದರೆ ತೋಟದ ಮರಗಳ ಕೊಂಬೆ ಕಡಿಯುವಾಗ, ಕಡಿಮೆ ಮಾಡುವುದೂ ಶೇಡನ್ನೇ. ಸಂಜೆ ಉದ್ದವಾಗುವುದು ಮಾತ್ರ ಶ್ಯಾಡೋ. ನೆರಳಿಗೆ ಆಕಾರ ಇದೆಯಾ ಎಂದು ಕೇಳಿಕೊಂಡರೆ ಸಾಕು. ಆಕಾರವಿದ್ದರೆ ಶ್ಯಾಡೋ, ಬಿಸಿಲಿಂದ ತಪ್ಪಿಸಿಕೊಳ್ಳುವ ಜಾಗವಾದರೆ ಶೇಡ್.

‘ಎತ್ತರ’ವೂ ಹಾಗೇ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 57 ಅಡಿ, ಅವನು ಟಾಲ್. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಅದು ಹೈ. ಮನುಷ್ಯ, ಮರ, ವಿಗ್ರಹದ ಹಾಗೆ ಅಗಲ ಕಡಿಮೆ ಇದ್ದು ಮೇಲಕ್ಕೆ ಬೆಳೆದದ್ದು ಟಾಲ್. ಬೆಟ್ಟ, ಗೋಡೆಗಳಿಗೆ ಹೈ. ಇನ್ನು ‘ಕೇಳು’ ಇದೆಯಲ್ಲ, ಅದಕ್ಕೆ ಅವರಲ್ಲಿ ಮೂರು ಪದ. ಪ್ರಶ್ನೆ ಕೇಳಿದರೆ ಆಸ್ಕ್, ಸದ್ದು ತಾನಾಗಿ ಕಿವಿಗೆ ಬಿದ್ದರೆ ಹಿಯರ್, ಮನಸ್ಸಿಟ್ಟು ಆಲಿಸಿದರೆ ಲಿಸನ್.

ಇನ್ನರ್ಧ ನಿಜವನ್ನು ಯಾರೂ ಹೇಳುವುದಿಲ್ಲ. ಕನ್ನಡ ಕೈ ಹಿಡಿದು ದಾಟಿಸುವ ಕಡೆಯೂ ಇದೆ. ರೈಸ್–ರೇಜ್ ನೋಡಿ. ಗೊರೂರಿನಲ್ಲಿ ಹೇಮಾವತಿಯ ನೀರು ಏರಿತು. ಅಂಗಡಿಯವನು ಬೆಲೆ ಏರಿಸಿದ. ಏರಿದ್ದು ರೈಸ್, ಏರಿಸಿದ್ದು ರೇಜ್. ನಡುವೆ ಇರುವುದು ನಮ್ಮ ‘ಇಸು’ ಒಂದೇ. ಕಲಿತರೆ ಲರ್ನ್, ಕಲಿಸಿದರೆ ಟೀಚ್. ನೆನಪಾದರೆ ರಿಮೆಂಬರ್, ನೆನಪಿಸಿದರೆ ರಿಮೈಂಡ್. ಮಲಗಿದರೆ ಲೈ, ಮಗುವನ್ನು ಮಲಗಿಸಿದರೆ ಲೇ. ಬಿದ್ದರೆ ಫಾಲ್, ಮರವನ್ನು ಕಡಿದು ಬೀಳಿಸಿದರೆ ಫೆಲ್. ತೋಟದವರ ಬಾಯಲ್ಲಿ ‘ಟ್ರೀ ಫೆಲಿಂಗ್’ ಎಂದು ನಿಮ್ಮ ಮಗಳು ಕೇಳಿಯೇ ಇರುತ್ತಾಳೆ.

ಇದು ಸುಮ್ನೆ ಕಾಕತಾಳೀಯ ಅಲ್ಲ. ಬಹಳ ಹಿಂದೆ ಇಂಗ್ಲಿಷಿನ ಮೂಲ ಭಾಷೆಯಲ್ಲೂ ‘ಇಸು’ವಿನಂಥ ಒಂದು ಪ್ರತ್ಯಯ ಇತ್ತು. ಅದು ಸವೆದು ಹೋಯಿತು. ರೈಸ್–ರೇಜ್, ಲೈ–ಲೇ, ಫಾಲ್–ಫೆಲ್, ಸಿಟ್–ಸೆಟ್ ಅದು ಬಿಟ್ಟುಹೋದ ಗುರುತುಗಳು. ಇವತ್ತು ಇಂಗ್ಲಿಷ್ ಮನೆಮಾತಿನವರೂ ಲೈ–ಲೇ ವಿಷಯದಲ್ಲಿ ತಡವರಿಸುತ್ತಾರೆ. ನಿಮ್ಮ ಮಗಳ ನಾಲಿಗೆಯ ಮೇಲೆ ‘ಇಸು’ ದಿನಕ್ಕೆ ನೂರು ಸಲ ಓಡಾಡುತ್ತದೆ. ಅದನ್ನು ಬಳಸಿಕೊಳ್ಳಲಿ. ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದು ‘ಇಸು’ ಬರುತ್ತದಾ ನೋಡಲಿ. ಒಂದೇ ಎಚ್ಚರಿಕೆ: ಲೈ ಪದದ ಭೂತಕಾಲವೂ ಲೇ, ಫಾಲ್ ಪದದ ಭೂತಕಾಲವೂ ಫೆಲ್. ‘ನಿನ್ನೆ’ ಎಂಬ ಅರ್ಥದ ಪದ ವಾಕ್ಯದಲ್ಲಿ ಇದ್ದರೆ ಇನ್ನೊಮ್ಮೆ ಓದಬೇಕು.

ಬಾರೋ–ಲೆಂಡ್ ತುಂಬಾ ಸುಲಭ. ‘ಬಾರೋ’ ಎಂದು ಕರೆದರೆ ವಸ್ತು ನಮ್ಮ ಕಡೆ ಬರುತ್ತದೆ. ಕಡ ತೆಗೆದುಕೊಳ್ಳುವುದು ಬಾರೋ, ಕಡ ಕೊಡುವುದು ಲೆಂಡ್. ಈ ಒಂದು ಮಾತು ಹೇಳಿದ ಮೇಲೆ ಮತ್ತೆ ತಪ್ಪಿದ ಮಗುವನ್ನು ನಾನು ನೋಡಿಲ್ಲ.

ಅಭ್ಯಾಸಕ್ಕೆ ಒಂದು ಸಣ್ಣ ನೋಟ್‌ಬುಕ್ ಕೊಡಿ. ವಾರಕ್ಕೆ ಒಂದೇ ಪದ, ಅದಕ್ಕೆ ಐದು ವಾಕ್ಯ. ಗೈಡಿನಿಂದ ಇಳಿಸಿದ್ದು ಬೇಡ. ನಿಮ್ಮ ಮನೆ, ಬಸ್‌ಸ್ಟ್ಯಾಂಡ್, ಅಜ್ಜಿಯ ತೋಟ, ಅವಳ ಗೆಳತಿಯರ ಬಗ್ಗೆ ಅವಳೇ ಬರೆಯಲಿ. ತಪ್ಪಿದರೆ ಬೈಯಬೇಡಿ, ‘ಈ ಪದ ಯಾಕೆ ಹಾಕಿದೆ?’ ಎಂದು ಕೇಳಿ. ಕಾರಣ ಹೇಳುತ್ತಾ ಹೇಳುತ್ತಾ ಅವಳೇ ತಿದ್ದಿಕೊಳ್ಳುತ್ತಾಳೆ.

ಪ್ರಶ್ನೆ: ಹಾಸನದಲ್ಲಿ ಪುಸ್ತಕ, ಪೆನ್ನಿನ ಸಣ್ಣ ಅಂಗಡಿ ಇಟ್ಟಿದ್ದೇನೆ. ಬೋರ್ಡಿನಲ್ಲಿ ‘ಸ್ಟೇಷನರಿ’ ಸ್ಪೆಲ್ಲಿಂಗ್ ತಪ್ಪಾಗಿದೆ, ಅದರ ಅರ್ಥ ‘ನಿಂತಲ್ಲೇ ನಿಂತದ್ದು’ ಎಂದು ಕಾಲೇಜು ಹುಡುಗನೊಬ್ಬ ಹೇಳಿದ. ನಿಜವೇ?

ಉತ್ತರ: ನಿಜ. ಕೊನೆಯಲ್ಲಿ ಎ, ಆರ್, ವೈ ಇದ್ದರೆ ಅಲುಗಾಡದೆ ನಿಂತದ್ದು ಎಂದು ಅರ್ಥ. ಇ, ಆರ್, ವೈ ಇದ್ದರೆ ಕಾಗದ, ಪೆನ್ನು, ಲಕೋಟೆ. ಲಕೋಟೆಯ ಇಂಗ್ಲಿಷ್ ಪದ ‘ಎನ್ವಲಪ್’ ಕೂಡ ಇ ಅಕ್ಷರದಿಂದಲೇ ಶುರುವಾಗುತ್ತದೆ, ಹಾಗೆ ನೆನಪಿಡಿ.

ಆದರೆ ನೀವು ಬೇಸರ ಮಾಡಿಕೊಳ್ಳಬೇಡಿ, ಎರಡೂ ಪದಗಳ ಬೇರು ಒಂದೇ. ಹಿಂದೆ ಯೂರೋಪಿನಲ್ಲಿ ಹೆಚ್ಚಿನ ವ್ಯಾಪಾರಿಗಳು ಸರಕು ಹೊತ್ತು ಊರೂರು ಸುತ್ತುತ್ತಿದ್ದರು, ನಮ್ಮ ಸಂತೆ ವ್ಯಾಪಾರಿಗಳ ಹಾಗೆ. ಪುಸ್ತಕ ಮಾರುವವರು ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟು ನಿಂತರು. ಹಾಗೆ ನಿಂತವನು ‘ಸ್ಟೇಷನರ್’ ಆದ, ಅವನು ಮಾರುವ ಸಾಮಾನು ‘ಸ್ಟೇಷನರಿ’ ಆಯಿತು.

ಪೂರ್ತಿ ಬೋರ್ಡ್ ಬದಲಿಸುವ ಖರ್ಚು ಬೇಡ. ಪೇಂಟರ್ ಕರೆಸಿ ಆ ಒಂದು ಅಕ್ಷರ ತಿದ್ದಿಸಿ.